ಬಿಟ್ಟ ಸ್ಥಳ ತುಂಬಿರಿ: ಒಂದು ಕಿರುಪ್ರಬಂಧದ ಪ್ರಕರಣ

ಎಂ.ಎ. ಅರ್ಥಶಾಸ್ತ್ರದ ಕೊನೆಯ ಸೆಮಿಸ್ಟರ್‌ನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳ ಕಿರುಪ್ರಬಂಧದ ಕಥೆ ಇದು. ಓದಿದ್ದು ಕನ್ನಡ ಮಾಧ್ಯಮ, ಪ್ರಬಂಧವೂ ಕನ್ನಡದಲ್ಲೇ. ವಿಷಯ: ‘ಕಾಣೆಯಾದ ಮಹಿಳೆಯರು: ಅಮರ್ತ್ಯ ಸೇನ್ ವಾದದ ವಿಮರ್ಶೆ’. ತಾರತಮ್ಯ ಇಲ್ಲದಿದ್ದರೆ ಇರಬೇಕಿದ್ದ, ಆದರೆ ಜನಸಂಖ್ಯೆಯ ಲೆಕ್ಕದಲ್ಲಿ ಸಿಗದ ಹೆಂಗಸರನ್ನು ಅರ್ಥಶಾಸ್ತ್ರಜ್ಞ ಸೇನ್ ಹೀಗೆ ಕರೆದರು. ನಾನು ಆಕೆಯ ಗೈಡ್ ಅಲ್ಲ. ಬರವಣಿಗೆ ತಿದ್ದಿಸಿಕೊಳ್ಳಲು ನನ್ನ ಹತ್ತಿರ ಬರುವ ಮಕ್ಕಳಲ್ಲಿ ಒಬ್ಬಳು. ಹೆಸರು, ಊರು, ಕಾಲೇಜು ಬೇಡ ಅಂದಳು, ಬಿಟ್ಟಿದ್ದೇನೆ. ಕರಡುಗಳ ಸಾಲುಗಳನ್ನು ಹಾಕಲು ಒಪ್ಪಿದಳು.

ಈ ಪ್ರಕರಣವನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಪ್ರಬಂಧ ಬರೆಯುವವರಿಗೆ ಸಿದ್ಧ ವಾಕ್ಯಗಳ ಟೆಂಪ್ಲೇಟ್ ಕೊಡಬೇಕೋ ಬೇಡವೋ ಅನ್ನುವುದು ಮೇಷ್ಟ್ರುಗಳ ನಡುವೆ ಮುಗಿಯದ ಜಗಳ. ಕೊಟ್ಟರೆ ಮಕ್ಕಳು ಗಿಳಿಪಾಠ ಒಪ್ಪಿಸುತ್ತಾರೆ ಎನ್ನುವವರು ಒಂದು ಕಡೆ. ಕೊಡದಿದ್ದರೆ ಬರೆಯಲು ಶುರು ಮಾಡುವುದೇ ಇಲ್ಲ ಎನ್ನುವವರು ಇನ್ನೊಂದು ಕಡೆ. ಇಲ್ಲಿ ಒಂದೇ ಬಗೆಯ ಹಾಳೆ ಒಮ್ಮೆ ಪ್ರಬಂಧವನ್ನು ಕೆಡಿಸಿತು, ಇನ್ನೊಮ್ಮೆ ಉಳಿಸಿತು. ಎರಡಕ್ಕೂ ನಡುವೆ ಇದ್ದ ವ್ಯತ್ಯಾಸ ತೀರಾ ಸಣ್ಣದು.

ಮೊದಲ ಕರಡು

ಮೊದಲು ಬಂದ ಕರಡಿನ ಒಂದು ಪ್ಯಾರಾ ಹೀಗಿತ್ತು:

“ಅಮರ್ತ್ಯ ಸೇನ್ ಅವರು 1990ರಲ್ಲಿ 10 ಕೋಟಿಗೂ ಹೆಚ್ಚು ಮಹಿಳೆಯರು ಕಾಣೆಯಾಗಿದ್ದಾರೆ ಎಂದು ಹೇಳಿದ್ದಾರೆ. ಇದಕ್ಕೆ ಬಡತನ ಮತ್ತು ಹಿಂದುಳಿದಿರುವಿಕೆ ಕಾರಣವಾಗಿದೆ. ಎಮಿಲಿ ಓಸ್ಟರ್ ಅವರು 2005ರಲ್ಲಿ ಹೆಪಟೈಟಿಸ್ ಬಿ ಕಾರಣ ಎಂದು ಹೇಳಿದ್ದಾರೆ. ಮೋನಿಕಾ ದಾಸ್ ಗುಪ್ತಾ ಅವರು ಗಂಡುಮಕ್ಕಳ ಮೇಲಿನ ಒಲವು ಕಾರಣ ಎಂದು ಹೇಳಿದ್ದಾರೆ. ಹೀಗೆ ವಿವಿಧ ವಿದ್ವಾಂಸರು ವಿವಿಧ ಅಭಿಪ್ರಾಯಗಳನ್ನು ವ್ಯಕ್ತಪಡಿಸಿದ್ದಾರೆ.”

ಮದುವೆ ಮನೆಯಲ್ಲಿ ಒಬ್ಬೊಬ್ಬರೇ ಬಂದು ಮುಯ್ಯಿ ಬರೆಸಿ ಹೋದ ಹಾಗೆ. ಸೇನ್ ಬಂದರು, ಹೇಳಿದರು, ಹೋದರು. ಓಸ್ಟರ್ ಬಂದರು, ಹೇಳಿದರು, ಹೋದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆದರೆ ನಿಜದಲ್ಲಿ ಇವರೆಲ್ಲ ಒಬ್ಬರಿಗೊಬ್ಬರು ಉತ್ತರ ಕೊಡುತ್ತಿದ್ದವರು. ಅರ್ಥಶಾಸ್ತ್ರದಲ್ಲಿ ಇಷ್ಟು ಸ್ಪಷ್ಟವಾಗಿ ಎದುರುಬದುರು ನಡೆದ ವಾದ ಸಿಗುವುದು ಅಪರೂಪ.

ಹುಡುಗಿಯನ್ನು ಬೈದು ಪ್ರಯೋಜನವಿಲ್ಲ. ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ‘ವಿವರಿಸಿ’, ‘ಚರ್ಚಿಸಿ’, ‘ವಿಮರ್ಶಿಸಿ’ ಅಂತ ಬೇರೆ ಬೇರೆ ಕೇಳುತ್ತಾರೆ. ಉತ್ತರ ಮೂರಕ್ಕೂ ಒಂದೇ. ಪೀಠಿಕೆ, ಅಂಶಗಳು, ಉಪಸಂಹಾರ. ಪ್ರೈಮರಿಯಿಂದ ಡಿಗ್ರಿ ತನಕ ಒಬ್ಬ ಲೇಖಕರಿಗೆ ಎದುರಾಡಿ ಬರೆ ಅಂತ ಆಕೆಗೆ ಯಾರೂ ಹೇಳಿರಲಿಲ್ಲ. ಎಂ.ಎ.ಗೆ ಬಂದ ಕೂಡಲೇ ‘ಮೂಲಗಳೊಂದಿಗೆ ಸಂವಾದ ನಡೆಸಿ’ ಅಂದರೆ ಎಲ್ಲಿಂದ ಶುರು ಮಾಡಬೇಕು?

ಮೊದಲ ಕರಡಿನಲ್ಲಿ ಇನ್ನೂ ಒಂದು ವಿಷಯ ಇತ್ತು. ‘ಬಡತನ ಮತ್ತು ಹಿಂದುಳಿದಿರುವಿಕೆ ಕಾರಣ’ ಎಂಬ ಸಾಲು. ಸೇನ್ ಹೇಳಿದ್ದು ಇದಕ್ಕೆ ಹೆಚ್ಚು ಕಡಿಮೆ ಉಲ್ಟಾ. 1990ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಿವ್ಯೂ ಆಫ್ ಬುಕ್ಸ್ ಪತ್ರಿಕೆಯಲ್ಲಿ ಬಂದ ಆ ಲೇಖನದಲ್ಲಿ ಅವರು ಬಡತನವೊಂದೇ ಕಾರಣ ಎಂಬ ಸುಲಭದ ವಿವರಣೆಯನ್ನು ಹೆಸರು ಹಿಡಿದು ತಳ್ಳಿಹಾಕುತ್ತಾರೆ. ಪಂಜಾಬ್, ಹರಿಯಾಣ ಶ್ರೀಮಂತ ರಾಜ್ಯಗಳು. ಅಲ್ಲಿ ಹೆಂಗಸರ ಅನುಪಾತ ತೀರಾ ಕಡಿಮೆ. ಕೇರಳ ಅಷ್ಟು ಶ್ರೀಮಂತವಲ್ಲ, ಅಲ್ಲಿ ಗಂಡಸರಿಗಿಂತ ಹೆಂಗಸರೇ ಜಾಸ್ತಿ. ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕಾ ಕಡುಬಡತನದ ಪ್ರದೇಶ, ಅಲ್ಲೂ ಹೆಂಗಸರೇ ಜಾಸ್ತಿ. ಹಾಗಾಗಿ ಹೆಂಗಸರ ದುಡಿಮೆ, ಓದು, ಆಸ್ತಿ ಹಕ್ಕು ಇವನ್ನು ನೋಡಬೇಕು ಅನ್ನುವುದು ಅವರ ಮಾತು. ವಿದ್ಯಾರ್ಥಿನಿ ಲೇಖನ ಓದಿರಲಿಲ್ಲ. ಸೀನಿಯರ್ ಒಬ್ಬರ ನೋಟ್ಸ್ ಓದಿದ್ದಳು.

ಹಾಳೆ ಕೊಟ್ಟ ಮೇಲೆ

ನಾನು ಒಂದು ಹಾಳೆ ಕೊಟ್ಟೆ. ಹೊಸದೇನಲ್ಲ. ಅಮೆರಿಕದ ಗೆರಾಲ್ಡ್ ಗ್ರಾಫ್ ಮತ್ತು ಕ್ಯಾಥಿ ಬರ್ಕೆನ್‌ಸ್ಟೈನ್ 2006ರಲ್ಲಿ ಒಂದು ಪಠ್ಯಪುಸ್ತಕದ ಮೂಲಕ ಇಂಥ ಟೆಂಪ್ಲೇಟ್‌ಗಳಿಗೆ ದೊಡ್ಡ ಪ್ರಚಾರ ಕೊಟ್ಟರು. ಮೊದಲು ಬೇರೆಯವರು ಏನು ಹೇಳಿದ್ದಾರೆ ಅಂತ ಇಡು, ಆಮೇಲೆ ನಿನ್ನ ಮಾತು ಹೇಳು ಅನ್ನುವುದು ತಿರುಳು. ನಮಗಂತೂ ಇದು ಹೊಸ ವಿದ್ಯೆಯಲ್ಲ. ಪೂರ್ವಪಕ್ಷ (ಎದುರಾಳಿಯ ವಾದ), ಸಿದ್ಧಾಂತ (ತನ್ನ ತೀರ್ಮಾನ) ಅಂತ ಶಾಸ್ತ್ರ ಬರೆದವರು ಮಾಡಿದ್ದೂ ಇದನ್ನೇ. ಮೀಮಾಂಸಕರು ಒಂದೊಂದು ಚರ್ಚೆಯನ್ನೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂದು ಕಟ್ಟಿದರು. ಶಂಕರರ ಸೂತ್ರಭಾಷ್ಯ ತೆಗೆದರೆ ಎದುರಾಳಿಯ ಮಾತನ್ನು ಮೊದಲು ಗಟ್ಟಿಯಾಗಿ ನಿಲ್ಲಿಸಿ, ‘ಇತಿ ಚೇತ್, ನ’ (ಹೀಗಂದರೆ, ಅಲ್ಲ) ಅಂತ ತಿರುಗುವ ಜಾಗಗಳು ಮತ್ತೆ ಮತ್ತೆ ಸಿಗುತ್ತವೆ. ಅದೂ ಸಿದ್ಧ ವಾಕ್ಯವೇ. ಅದನ್ನು ಬಳಸಿದ್ದಕ್ಕೆ ಯಾರೂ ಅವರನ್ನು ಗಿಳಿ ಅನ್ನಲಿಲ್ಲ.

ನನ್ನ ಹಾಳೆಯಲ್ಲಿದ್ದ ಕೆಲವು ಸಾಲುಗಳು:

“______ ಅವರು ______ ಎಂದು ವಾದಿಸುತ್ತಾರೆ.”

“ಇದಕ್ಕೆ ವ್ಯತಿರಿಕ್ತವಾಗಿ ______ ಅವರು ______ ಎನ್ನುತ್ತಾರೆ.”

“______ ಅವರ ವಾದವನ್ನು ಭಾಗಶಃ ಒಪ್ಪಬಹುದು, ಏಕೆಂದರೆ ______.”

“ಈ ಚರ್ಚೆ ಮುಖ್ಯವಾಗುವುದು ______ ಕಾರಣಕ್ಕೆ.”

ಎರಡನೇ ಕರಡು ಬಹಳ ಬೇಗ ಬಂತು. ಅದೇ ಒಂದು ಸುಳಿವು. ಪ್ಯಾರಾ ಹೀಗೆ:

“ಸೇನ್ ಅವರು ಮಹಿಳೆಯರ ಮೇಲಿನ ತಾರತಮ್ಯವೇ ಈ ಕೊರತೆಗೆ ಕಾರಣ ಎಂದು ವಾದಿಸುತ್ತಾರೆ. ಇದಕ್ಕೆ ವ್ಯತಿರಿಕ್ತವಾಗಿ ಓಸ್ಟರ್ ಅವರು ಹೆಪಟೈಟಿಸ್ ಬಿ ಸೋಂಕು ಈ ಕೊರತೆಯ ಶೇ. 45ರಷ್ಟನ್ನು ವಿವರಿಸುತ್ತದೆ ಎಂದು ತೋರಿಸಿದ್ದಾರೆ. ಓಸ್ಟರ್ ಅವರ ವಾದವನ್ನು ಭಾಗಶಃ ಒಪ್ಪಬಹುದು, ಏಕೆಂದರೆ ಭಾರತದಂತಹ ದೇಶದಲ್ಲಿ ಸಾಮಾಜಿಕ ಮತ್ತು ಜೈವಿಕ ಕಾರಣಗಳೆರಡೂ ಇರುತ್ತವೆ. ಈ ಚರ್ಚೆ ಮುಖ್ಯವಾಗುವುದು ಸರ್ಕಾರದ ನೀತಿಗೆ ಅದು ದಿಕ್ಕು ತೋರಿಸುವ ಕಾರಣಕ್ಕೆ.”

ಓದಲು ಎಷ್ಟು ಚೆನ್ನಾಗಿದೆ ನೋಡಿ. ಆಕೆಯ ಗೈಡ್ ಇದನ್ನು ಮೆಚ್ಚಿಕೊಂಡರಂತೆ. ಮೇಲ್ನೋಟಕ್ಕೆ ಸಂವಾದ ಇದೆ, ಭಿನ್ನಾಭಿಪ್ರಾಯ ಇದೆ, ಬರೆದವಳ ನಿಲುವೂ ಇದೆ. ಆದರೆ ಇಡೀ ಪ್ಯಾರಾ ತಪ್ಪು. ಮೊದಲ ಕರಡಿನ ತಪ್ಪಾದರೂ ಕಣ್ಣಿಗೆ ಹೊಡೆಯುತ್ತಿತ್ತು. ಇಲ್ಲಿ ಟೆಂಪ್ಲೇಟ್ ಅದರ ಮೇಲೆ ನುಣ್ಣಗೆ ಗಾರೆ ಎಳೆದಿತ್ತು.

ಒಂದೊಂದಾಗಿ ನೋಡೋಣ.

ಓಸ್ಟರ್ ಲೇಖನ ಜರ್ನಲ್ ಆಫ್ ಪೊಲಿಟಿಕಲ್ ಎಕಾನಮಿಯಲ್ಲಿ 2005ರ ಡಿಸೆಂಬರ್‌ನಲ್ಲಿ ಬಂತು. ಆಗ ಅವರು ಹಾರ್ವರ್ಡ್‌ನ ವಿದ್ಯಾರ್ಥಿನಿ. ಹೆಪಟೈಟಿಸ್ ಬಿ ವೈರಸ್ ಹೊತ್ತ ತಂದೆತಾಯಿಗೆ ಒಂದು ಹೆಣ್ಣಿಗೆ ಸುಮಾರು 1.5 ಗಂಡಿನ ಅನುಪಾತದಲ್ಲಿ ಮಕ್ಕಳು ಹುಟ್ಟುತ್ತವೆ ಅನ್ನುವುದು ಅವರ ಅಂದಾಜು. ಸಹಜ ಅನುಪಾತ 1.05ರ ಆಸುಪಾಸು. ಚೀನಾದಲ್ಲಿ ಜನಸಂಖ್ಯೆಯ ಶೇ. 10ರಿಂದ 15 ಮಂದಿಗೆ ಈ ಸೋಂಕು ಇತ್ತು. ಇದನ್ನೆಲ್ಲ ಗುಣಿಸಿ ಕೂಡಿಸಿ, ಒಟ್ಟು ‘ಕಾಣೆಯಾದ ಮಹಿಳೆಯರ’ ಪೈಕಿ ಶೇ. 45ರಷ್ಟು ನಿಜವಾಗಿ ಕಾಣೆಯಾದವರಲ್ಲ, ಹುಟ್ಟಿಯೇ ಇರಲಿಲ್ಲ ಅಂದರು. ಆದರೆ ದೇಶವಾರು ಲೆಕ್ಕ ಅದೇ ಲೇಖನದ ಸಾರಾಂಶದಲ್ಲೇ ಇದೆ. ಚೀನಾದಲ್ಲಿ ಸುಮಾರು ಶೇ. 75. ಈಜಿಪ್ಟ್ ಮತ್ತು ಪಶ್ಚಿಮ ಏಷ್ಯಾದಲ್ಲಿ 20ರಿಂದ 50. ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ನೇಪಾಳದಲ್ಲಿ ಶೇ. 20ಕ್ಕೂ ಕಡಿಮೆ.

ಅಂದರೆ ಶೇ. 45 ಅನ್ನು ಎತ್ತಿಕೊಂಡು ‘ಭಾರತದಂತಹ ದೇಶದಲ್ಲಿ’ ಅಂತ ಅಂಟಿಸಿದ್ದು ಓಸ್ಟರ್ ಅವರೇ ಹೇಳದ ಮಾತು. ಭಾರತದ ಮಟ್ಟಿಗೆ ಅವರು ಸೇನ್‌ಗೆ ದೊಡ್ಡ ಎದುರಾಳಿಯೇ ಅಲ್ಲ.

ಎರಡನೆಯದು ಇನ್ನೂ ದೊಡ್ಡದು. ಓಸ್ಟರ್ ಈ ವಾದವನ್ನು 2008ರಲ್ಲಿ ತಾವೇ ಕೈಬಿಟ್ಟರು. ಅದು ಹೇಗೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಬರೆದವರೇ ಬಿಟ್ಟ ವಾದವನ್ನು ನಮ್ಮ ಹುಡುಗಿ ‘ಭಾಗಶಃ ಒಪ್ಪಿ’ ಕೂತಿದ್ದಳು.

ಮೂರನೆಯದು ಆ ‘ಭಾಗಶಃ’. ಯಾವ ಭಾಗ? ‘ಎರಡೂ ಕಾರಣಗಳಿರುತ್ತವೆ’ ಅನ್ನುವುದನ್ನು ಜಗತ್ತಿನ ಯಾವ ವಿಷಯದ ಬಗ್ಗೆಯೂ ಹೇಳಬಹುದು. ಬರಗಾಲಕ್ಕೂ ಹೇಳಬಹುದು, ಬೆಂಗಳೂರು ಟ್ರಾಫಿಕ್‌ಗೂ ಹೇಳಬಹುದು. ಯಾವ ಲೇಖನವನ್ನೂ ಓದದೆ ತುಂಬಬಹುದಾದ ಖಾಲಿ ಜಾಗ ಅದು. ಮಕ್ಕಳು ಅದನ್ನೇ ಹುಡುಕಿ ತುಂಬುತ್ತಾರೆ. ಯಾರಿಗೂ ಬೇಸರ ಮಾಡಬಾರದು ಅನ್ನುವ ನಮ್ಮ ಸಭ್ಯತೆಗೂ ಅದು ಸರಿಹೊಂದುತ್ತದೆ, ಅಲ್ವಾ?

‘ತೋರಿಸಿದ್ದಾರೆ’ ಎಂಬ ಕ್ರಿಯಾಪದವನ್ನೂ ಗುರುತು ಹಾಕಿದೆ. ಅಂದಾಜು ಮಾಡಿದವರನ್ನು ತೋರಿಸಿದವರು ಅಂದರೆ ಅಲ್ಲೇ ವಾದ ಸೋತ ಹಾಗೆ.

ಖಾಲಿ ಜಾಗ ಬದಲಿಸಿದ್ದು

ಇಲ್ಲಿ ಎರಡು ದಾರಿ ಇತ್ತು. ಟೆಂಪ್ಲೇಟ್ ಹಾಳೆಯನ್ನೇ ಕಿತ್ತುಕೊಂಡು ‘ಸ್ವಂತವಾಗಿ ಬರಿ’ ಅನ್ನಬಹುದಿತ್ತು. ಹಾಗೆ ಅಂದಿದ್ದರೆ ಮೊದಲ ಕರಡಿಗೇ ವಾಪಸ್ ಹೋಗುತ್ತಿದ್ದಳು. ಅದರ ಬದಲು ಖಾಲಿ ಜಾಗಗಳನ್ನು ಬೇರೆ ಕಡೆ ಇಟ್ಟೆವು. ನೋಟ್ಸ್ ನೋಡಿ ತುಂಬಲಾಗದ, ಮೂಲ ಲೇಖನ ತೆರೆಯದೆ ತುಂಬಲಾಗದ ಜಾಗಗಳು:

“ಈ ಲೆಕ್ಕ ______ ಕ್ಕೆ ಸಂಬಂಧಿಸಿದ್ದು. ______ ವಿಷಯದಲ್ಲಿ ಲೇಖಕರೇ ______ ಎನ್ನುತ್ತಾರೆ.”

“ಈ ವಾದ ಸರಿಯಾಗಿದ್ದರೆ ______ ಕಾಣಬೇಕಿತ್ತು. ದತ್ತಾಂಶದಲ್ಲಿ ಕಾಣುವುದು ______.”

“ಇದಕ್ಕೆ ______ ರಲ್ಲಿ ______ ಅವರು ಉತ್ತರಿಸಿದರು. ಆ ಉತ್ತರದಲ್ಲಿ ಉಳಿದ ಸಂದು ______. ಮೂಲ ಲೇಖಕರ ಪ್ರತಿಕ್ರಿಯೆ ______.”

“______ ಅನ್ನು ______ ರೊಂದಿಗೆ ಹೋಲಿಸಿದಾಗ ಮಾತ್ರ ಇದನ್ನು ಕೊರತೆ ಎನ್ನಬಹುದು.”

ಮೊದಲನೇ ಸಾಲು ಸಲೀಸಾಗಿ ತುಂಬಿತು. ಓಸ್ಟರ್ ಲೇಖನದ ಸಾರಾಂಶ ಓದಿದ್ದೇ ‘ಮೇಡಂ, ಇಂಡಿಯಾಗೆ ಇಪ್ಪತ್ತಕ್ಕಿಂತ ಕಮ್ಮಿ ಅಂತಾರೆ’ ಅಂತ ಫೋನ್ ಮಾಡಿದಳು. ದನಿಯಲ್ಲಿ ಸ್ವಲ್ಪ ಗಾಬರಿ. ಪ್ರಬಂಧದ ಮಧ್ಯದ ಕಂಬವೇ ಅಲ್ಲಾಡಿತ್ತಲ್ಲ.

ಎರಡನೇ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಳು. ಆ ಸಂಜೆ ನನ್ನೆದುರು ಕೂತು ದಾಸ್ ಗುಪ್ತಾ ಅವರ ಕೋಷ್ಟಕಗಳನ್ನು ನೋಡುತ್ತಿದ್ದಳು.

‘ಮೇಡಂ, ಇದು ತುಂಬ್ತಾನೇ ಇಲ್ಲ.’

‘ಯಾಕಮ್ಮ?’

‘ಹೆಪಟೈಟಿಸ್ ಇರೋದು ಅಪ್ಪ ಅಮ್ಮಂಗೆ. ಅದು ಮೊದಲ ಮಗು ಹೊತ್ತಿಗೂ ಇರುತ್ತೆ, ಮೂರನೇ ಮಗು ಹೊತ್ತಿಗೂ ಇರುತ್ತೆ. ಹಾಗಿದ್ರೆ ಎಲ್ಲಾ ಹೆರಿಗೇಲೂ ಗಂಡೇ ಜಾಸ್ತಿ ಆಗ್ಬೇಕಲ್ವಾ?’

‘ಆಗ್ಬೇಕು.’

‘ಇಲ್ಲಿ ಹಾಗಿಲ್ಲ. ಮೊದಲ ಹೆರಿಗೇಲಿ ಸರಿಯಾಗೇ ಇದೆ.’

‘ಅದನ್ನೇ ಬರಿ.’

ತುಂಬುತ್ತಿಲ್ಲ ಅಂದುಕೊಂಡದ್ದೇ ಉತ್ತರವಾಗಿತ್ತು. ದಾಸ್ ಗುಪ್ತಾ 2005ರಲ್ಲಿ ಪಾಪ್ಯುಲೇಷನ್ ಅಂಡ್ ಡೆವಲಪ್‌ಮೆಂಟ್ ರಿವ್ಯೂ ಪತ್ರಿಕೆಯಲ್ಲಿ ಹೇಳಿದ್ದು ಇದನ್ನೇ. ಚೀನಾದ ಅಂಕಿಅಂಶದಲ್ಲಿ ಮೊದಲ ಹೆರಿಗೆಯ ಅನುಪಾತ ಸಹಜಕ್ಕೆ ಹತ್ತಿರ. ಈಗಾಗಲೇ ಹೆಣ್ಣುಮಕ್ಕಳಿದ್ದು ಗಂಡುಮಗು ಇಲ್ಲದ ಮನೆಗಳಲ್ಲಿ ಮುಂದಿನ ಹೆರಿಗೆಯ ಅನುಪಾತ ಗಂಡಿನ ಕಡೆಗೆ ತೀರಾ ವಾಲುತ್ತದೆ. ಹಿಂದಿನ ಮಗು ಹೆಣ್ಣೋ ಗಂಡೋ ಅಂತ ವೈರಸ್‌ಗೆ ಹೇಗೆ ಗೊತ್ತಾಗುತ್ತದೆ? ಅದನ್ನು ಲೆಕ್ಕ ಇಡುವುದು ಮನೆಯವರು.

ಇಲ್ಲೊಂದು ತಮಾಷೆಯೂ ಸಿಕ್ಕಿತು. ದಾಸ್ ಗುಪ್ತಾ ಲೇಖನ ಅಚ್ಚಾದದ್ದು ಸೆಪ್ಟೆಂಬರ್ ಸಂಚಿಕೆಯಲ್ಲಿ, ಓಸ್ಟರ್ ಅವರದ್ದು ಡಿಸೆಂಬರ್ ಸಂಚಿಕೆಯಲ್ಲಿ. ಉತ್ತರ ಮೊದಲು, ಪ್ರಶ್ನೆ ಆಮೇಲೆ. ಓಸ್ಟರ್ ಲೇಖನ ಅಚ್ಚಾಗುವ ಮೊದಲೇ ಕರಡು ರೂಪದಲ್ಲಿ ಎಲ್ಲರ ಕೈಗೂ ಸಿಕ್ಕಿದ್ದರಿಂದ ಹೀಗಾಯಿತು. ‘ಇದಕ್ಕೆ ______ ರಲ್ಲಿ ಉತ್ತರಿಸಿದರು’ ಎಂಬ ಟೆಂಪ್ಲೇಟ್ ವಾಕ್ಯ ಇಲ್ಲಿ ಬಾಗಲೇಬೇಕಾಯಿತು. ಆಕೆ ಅದನ್ನು ಹಾಗೇ ಉಳಿಸಿ, ಪಕ್ಕದಲ್ಲಿ ಅರ್ಧ ಸಾಲಿನ ವಿವರಣೆ ಸೇರಿಸಿದಳು. ಹಾಳೆಯ ವಾಕ್ಯವನ್ನು ತಾನಾಗಿಯೇ ಮುರಿದು ಬರೆದದ್ದು ಅದೇ ಮೊದಲು. ನನಗೆ ಅಂಕ ಕೊಡುವ ಅಧಿಕಾರ ಇದ್ದಿದ್ದರೆ ಆ ಅರ್ಧ ಸಾಲಿಗೇ ಕೊಡುತ್ತಿದ್ದೆ.

ಮೂರನೇ ಟೆಂಪ್ಲೇಟ್ ಅತಿ ಹೆಚ್ಚು ಕೆಲಸ ಮಾಡಿಸಿತು. ‘ಉಳಿದ ಸಂದು’ ಅನ್ನುವ ಖಾಲಿ ಜಾಗಕ್ಕೆ ಏನು ಬರೆಯಬೇಕು ಅಂತ ಹುಡುಕುತ್ತಾ ಹೋದಾಗ ತೈವಾನ್ ಸಿಕ್ಕಿತು. ಮಿಂಗ್-ಜೆನ್ ಲಿನ್ ಮತ್ತು ಮಿಂಗ್-ಚಿಂಗ್ ಲುವೊ 2008ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂನಲ್ಲಿ ತೈವಾನ್‌ನ ಸುಮಾರು 30 ಲಕ್ಷ ಹೆರಿಗೆಗಳ ದಾಖಲೆ ಇಟ್ಟುಕೊಂಡು ಪರೀಕ್ಷಿಸಿದರು. ಅಲ್ಲಿ ಬಸುರಿಯರಿಗೆ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸುತ್ತಿದ್ದರಿಂದ ಯಾವ ತಾಯಿಗೆ ಸೋಂಕಿತ್ತು ಅನ್ನುವುದು ಗೊತ್ತಿತ್ತು. ಸೋಂಕಿದ್ದ ತಾಯಂದಿರಿಗೆ ಗಂಡುಮಗು ಹುಟ್ಟುವ ಸಾಧ್ಯತೆ ಜಾಸ್ತಿಯಾದದ್ದು ಶೇಕಡಾವಾರು ಲೆಕ್ಕದಲ್ಲಿ ಬರೀ ಕಾಲು ಅಂಶ, ಅಂದರೆ 0.25. ಕೋಟಿಗಟ್ಟಲೆ ಕೊರತೆಯನ್ನು ವಿವರಿಸಲು ಅದು ಯಾವ ಮೂಲೆಗೂ ಸಾಲದು.

ಹಾಗಾದರೆ ಸಂದು ಎಲ್ಲಿ? ಅಪ್ಪಂದಿರು. ತೈವಾನ್ ಲೆಕ್ಕದಲ್ಲಿ ಇದ್ದದ್ದು ತಾಯಂದಿರ ಸೋಂಕು ಮಾತ್ರ. ಪರಿಣಾಮ ತಂದೆಯ ಕಡೆಯಿಂದ ಬರುತ್ತಿದೆ ಅನ್ನಲು ಇನ್ನೂ ಜಾಗ ಇತ್ತು. ಆ ಬಾಗಿಲನ್ನು ಮುಚ್ಚಿದವರು ಬೇರೆ ಯಾರೂ ಅಲ್ಲ, ಓಸ್ಟರ್. 2008ರಲ್ಲಿ ಚೀನಾದ ಸಂಶೋಧಕರ ಜೊತೆ ಸೇರಿ, ಲಿವರ್ ಕ್ಯಾನ್ಸರ್ ಅಧ್ಯಯನಕ್ಕಾಗಿ ಗಮನಿಸಲಾಗುತ್ತಿದ್ದ ಸುಮಾರು 67,000 ಚೀನೀಯರ ಮಕ್ಕಳ ಲೆಕ್ಕ ತೆಗೆದರು. ಅವರಲ್ಲಿ ಶೇ. 15ರಷ್ಟು ಮಂದಿಗೆ ಸೋಂಕಿತ್ತು. ತಾಯಿಯ ಸೋಂಕಾಗಲಿ ತಂದೆಯ ಸೋಂಕಾಗಲಿ ಮಗುವಿನ ಲಿಂಗದ ಮೇಲೆ ಪರಿಣಾಮ ಬೀರುವುದು ಕಾಣಲಿಲ್ಲ. ಚೀನಾದ ಗಂಡುಬಾಹುಳ್ಯಕ್ಕೆ ಹೆಪಟೈಟಿಸ್ ಬಿ ಕಾರಣವಲ್ಲ ಅಂತ ಲೇಖನದ ಶೀರ್ಷಿಕೆಯಲ್ಲೇ ಬರೆದರು. ತನ್ನ ಹೆಸರು ಎಲ್ಲೆಡೆ ಓಡಾಡುವಂತೆ ಮಾಡಿದ ಲೇಖನವನ್ನು ತಾನೇ ಹೀಗೆ ಅಲ್ಲಗಳೆಯುವುದು ಸುಮ್ನೆ ಮಾತಲ್ಲ.

‘ಮೂಲ ಲೇಖಕರ ಪ್ರತಿಕ್ರಿಯೆ ______’ ಎಂಬ ಜಾಗ ಹೀಗೆ ತುಂಬಿತು.

ಈಗ ಹುಡುಗಿಗೆ ಹೊಸ ಚಿಂತೆ. ‘ಹಾಗಿದ್ರೆ ಓಸ್ಟರ್ ಭಾಗಾನೇ ತೆಗೆದುಬಿಡ್ಲಾ ಮೇಡಂ?’ ಬೇಡ ಅಂದೆ. ಸೋತ ವಾದವನ್ನು ಹೊರಗೆ ಹಾಕಿದರೆ ಓದುಗರಿಗೆ ಸೇನ್ ವಾದ ಪರೀಕ್ಷೆಗೇ ಒಳಗಾಗಿಲ್ಲ ಅನ್ನಿಸುತ್ತದೆ. ಅದನ್ನು ಇಟ್ಟು, ಹೇಗೆ ಬಿತ್ತು ಅಂತ ತೋರಿಸಿದರೆ ಸೇನ್ ವಾದ ಎಷ್ಟು ತೂಕದ ಹೊಡೆತ ತಾಳಿಕೊಂಡಿತು ಅನ್ನುವುದು ಗೊತ್ತಾಗುತ್ತದೆ. ಪೂರ್ವಪಕ್ಷ ಬಲವಾಗಿದ್ದಷ್ಟೂ ಸಿದ್ಧಾಂತಕ್ಕೆ ಲಾಭ.

ಮೂರನೇ ಕರಡಿನಲ್ಲಿ ಆ ಪ್ಯಾರಾ ಹೀಗಾಯಿತು:

“ಸೇನ್ ಎತ್ತಿದ ಪ್ರಶ್ನೆಗೆ ಜೈವಿಕ ಉತ್ತರವಿದೆಯೇ ಎಂಬುದನ್ನು ಓಸ್ಟರ್ (2005) ಪರೀಕ್ಷಿಸಿದರು. ಹೆಪಟೈಟಿಸ್ ಬಿ ಒಟ್ಟು ಕೊರತೆಯ ಶೇ. 45ರಷ್ಟನ್ನು ವಿವರಿಸಬಲ್ಲದು ಎಂಬುದು ಅವರ ಅಂದಾಜು. ಈ ಲೆಕ್ಕದ ಭಾರ ಬಿದ್ದದ್ದು ಚೀನಾದ ಮೇಲೆ. ಭಾರತದಲ್ಲಿ ಅದರ ಪಾಲು ಶೇ. 20ಕ್ಕೂ ಕಡಿಮೆ ಎಂದು ಅವರೇ ಹೇಳಿದ್ದರು. ಸೋಂಕೇ ಕಾರಣವಾಗಿದ್ದರೆ ಎಲ್ಲ ಹೆರಿಗೆಗಳಲ್ಲೂ ಗಂಡುಮಕ್ಕಳು ಹೆಚ್ಚಿರಬೇಕಿತ್ತು. ಆದರೆ ಮೊದಲ ಹೆರಿಗೆಯಲ್ಲಿ ಅನುಪಾತ ಸಹಜವಾಗಿದ್ದು, ಹೆಣ್ಣುಮಕ್ಕಳಷ್ಟೇ ಇರುವ ಕುಟುಂಬಗಳ ಮುಂದಿನ ಹೆರಿಗೆಗಳಲ್ಲಿ ಏರುತ್ತದೆ ಎಂದು ದಾಸ್ ಗುಪ್ತಾ (2005) ಗಮನ ಸೆಳೆದರು. ತೈವಾನ್‌ನ ತಾಯಂದಿರ ದಾಖಲೆಗಳೂ (ಲಿನ್ ಮತ್ತು ಲುವೊ, 2008) ಓಸ್ಟರ್ ಅಂದಾಜಿಗೆ ಬೆಂಬಲ ಕೊಡಲಿಲ್ಲ. ತಂದೆಯ ಸೋಂಕಿನ ಪ್ರಶ್ನೆ ಉಳಿದಿತ್ತು. ಅದನ್ನೂ ಪರೀಕ್ಷಿಸಿದ ಓಸ್ಟರ್ ಮತ್ತು ಸಂಗಡಿಗರು (2008) ಮೂಲ ವಾದವನ್ನು ಕೈಬಿಟ್ಟರು. ಹೀಗಾಗಿ ಚೀನಾದ ಮಟ್ಟಿಗೆ ಈ ಜೈವಿಕ ವಿವರಣೆ ಬಿದ್ದುಹೋಗಿದೆ. ಭಾರತದ ಮಟ್ಟಿಗೆ ಅದು ಎಂದೂ ಮುಖ್ಯ ವಿವರಣೆಯಾಗಿರಲಿಲ್ಲ.”

ಕೊನೆಯ ಎರಡು ವಾಕ್ಯ ಯಾವ ಟೆಂಪ್ಲೇಟ್‌ನಲ್ಲೂ ಇರಲಿಲ್ಲ. ಅವು ಆಕೆಯವು.

ಕರ್ನಾಟಕದ ಅಧ್ಯಾಯ

ಪ್ರಬಂಧದ ಕೊನೆಯಲ್ಲಿ ಕರ್ನಾಟಕದ ಬಗ್ಗೆ ಸಣ್ಣ ಅಧ್ಯಾಯ ಇತ್ತು. ಮೊದಲೆರಡೂ ಕರಡುಗಳಲ್ಲಿ ಈ ಸಾಲು ಹಾಗೇ ಉಳಿದಿತ್ತು: “2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 0–6 ವಯಸ್ಸಿನ 1000 ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳಿದ್ದಾರೆ. ಅಂದರೆ ಪ್ರತಿ ಸಾವಿರಕ್ಕೆ 52 ಹೆಣ್ಣುಮಕ್ಕಳು ಕಾಣೆಯಾಗಿದ್ದಾರೆ.”

ಪತ್ರಿಕೆಗಳಲ್ಲೂ ಇಂಥ ಲೆಕ್ಕ ನೋಡಿರುತ್ತೀರಿ. ನಾಲ್ಕನೇ ಟೆಂಪ್ಲೇಟ್ ಹಾಕಿಸಿದ್ದು ಇದಕ್ಕೇ. 948 ಅನ್ನು ಯಾವುದರೊಂದಿಗೆ ಹೋಲಿಸಿದಾಗ ಕೊರತೆ? ಆಕೆ ಹೋಲಿಸಿದ್ದು 1000ದೊಂದಿಗೆ. ಆದರೆ ಯಾರೂ ಕೈಹಾಕದಿದ್ದರೂ 100 ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುತ್ತವೆ. ತಿರುಗಿಸಿ ನೋಡಿದರೆ 1000 ಗಂಡಿಗೆ ಸುಮಾರು 952 ಹೆಣ್ಣು. 948 ಅದಕ್ಕೆ ತೀರಾ ದೂರವಿಲ್ಲ. 52 ಅನ್ನುವ ಅಂಕಿಯಲ್ಲಿ ಹೆಚ್ಚಿನದು ಪ್ರಕೃತಿಯ ಲೆಕ್ಕ.

ಹಾಗಂತ ಕರ್ನಾಟಕ ಸರಿಯಾಗಿದೆ ಅಂತ ಬರೆಯುವುದೂ ತಪ್ಪು. ರಾಜ್ಯದ ಸರಾಸರಿಯ ಒಳಗೆ ಜಿಲ್ಲೆಗಳ ಏರುಪೇರು ಅಡಗಿ ಕೂರುತ್ತದೆ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದದ್ದು ನೆನಪಿರಬಹುದು. ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ 1994ರದ್ದು. ಇಷ್ಟು ವರ್ಷದ ಮೇಲೂ ಬೆಲ್ಲ ಕಾಯಿಸುವ ಜಾಗದಲ್ಲಿ ಮೆಷಿನ್ ಇಟ್ಟಿದ್ದರು. ಇನ್ನೊಂದು ಕಡೆ, ಸೇನ್ 1990ರಲ್ಲಿ ಮಾತಾಡಿದ್ದು ಹುಟ್ಟುವಾಗಿನ ಅನುಪಾತದ ಬಗ್ಗೆ ಅಷ್ಟೇ ಅಲ್ಲ. ಹುಟ್ಟಿದ ಮೇಲೆ ಊಟ, ಔಷಧಿ, ಆರೈಕೆಯಲ್ಲಿ ಹಿಂದೆ ಬಿದ್ದು ಸತ್ತವರ ಬಗ್ಗೆಯೂ. 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರು ಮತ್ತೆ ಬರೆದರು. ಸಾವಿನಲ್ಲಿನ ತಾರತಮ್ಯ ಕಡಿಮೆಯಾಗುತ್ತಿದೆ, ಅದರ ಜಾಗದಲ್ಲಿ ಹುಟ್ಟುವ ಮೊದಲೇ ನಡೆಯುವ ಆಯ್ಕೆ ಬಂದು ಕೂತಿದೆ ಅಂದರು. ಬರೀ 0–6ರ ಅಂಕಿ ಹಿಡಿದುಕೊಂಡರೆ ಈ ಚಿತ್ರದ ಒಂದು ತುಂಡು ಮಾತ್ರ ಕಾಣುತ್ತದೆ. ಈ ಮಾತೆಲ್ಲ ಆ ಅಧ್ಯಾಯಕ್ಕೆ ಬಂದದ್ದು ‘______ ರೊಂದಿಗೆ ಹೋಲಿಸಿದಾಗ’ ಎಂಬ ಒಂದೇ ಖಾಲಿ ಜಾಗದಿಂದ.

ಇದೇ ಅಧ್ಯಾಯದಲ್ಲಿ ಟೆಂಪ್ಲೇಟ್ ಕೈಕೊಟ್ಟ ಜಾಗವೂ ಇದೆ. “ಕೆಲವರು ಕರ್ನಾಟಕದಲ್ಲಿ ಈ ಸಮಸ್ಯೆಯೇ ಇಲ್ಲ ಎಂದು ವಾದಿಸುತ್ತಾರೆ” ಅಂತ ಒಂದು ಪ್ಯಾರಾ ಶುರುವಾಗುತ್ತಿತ್ತು. ಯಾರು ಆ ಕೆಲವರು? ‘ಯಾರೂ ಇಲ್ಲ ಮೇಡಂ, ಹಾಳೇಲಿ ಎದುರಾಳಿ ಬೇಕು ಅಂತ ಇತ್ತಲ್ಲ.’ ಎದುರಾಳಿ ಸಿಗದಿದ್ದಾಗ ಒಬ್ಬನನ್ನು ಹುಲ್ಲಿನಲ್ಲಿ ಕಟ್ಟಿ ನಿಲ್ಲಿಸುವುದು ಈ ಪದ್ಧತಿಯ ನಿಜವಾದ ಅಪಾಯ. ಆ ಪ್ಯಾರಾ ಹೊಡೆದುಹಾಕಿ, ಅಂಕಿಯಿಂದಲೇ ಶುರು ಮಾಡಿದಳು. ಎಲ್ಲ ಅಧ್ಯಾಯಕ್ಕೂ ಜಗಳ ಬೇಕಿಲ್ಲ.

ಉಳಿದ ಎರಡು ತಕರಾರು

‘ಈ ವಾಕ್ಯಗಳು ಬೇರೆಯವರ ಪ್ರಬಂಧದಲ್ಲೂ ಇದ್ರೆ ಕಾಪಿ ಅಂತಾರಾ?’ ಅಂತ ಆಕೆ ಕೇಳಿದ್ದಳು. ಸಹಜ ಭಯ. ಕೃತಿಚೌರ್ಯದ ಬಗ್ಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ತಂದ ನಿಯಮದ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಕಾಕತಾಳೀಯವಾಗಿ ಸತತ 14 ಪದಗಳವರೆಗೆ ಹೊಂದಿದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಅವರು ಎಂದು ವಾದಿಸುತ್ತಾರೆ’ ಅನ್ನುವುದು ಯಾರ ಸ್ವತ್ತೂ ಅಲ್ಲ. ಆ ವಾಕ್ಯದ ಒಳಗೆ ಕೂರುವ ವಿಚಾರ ಯಾರದ್ದು ಅನ್ನುವುದನ್ನು ಹೇಳದೆ ಬಿಟ್ಟರೆ ಮಾತ್ರ ಕಳ್ಳತನ. ಆ ದೃಷ್ಟಿಯಿಂದ ಸೀನಿಯರ್ ನೋಟ್ಸ್‌ನಿಂದ ಎತ್ತಿದ್ದ ಮೊದಲ ಕರಡೇ ಹೆಚ್ಚು ಅಪಾಯದಲ್ಲಿತ್ತು.

ಇನ್ನೊಂದು, ‘ನಾನು’. ಟೆಂಪ್ಲೇಟ್‌ಗಳು ಬರೆದವರನ್ನು ಮುಂದೆ ನಿಲ್ಲಿಸುತ್ತವೆ. ನಮ್ಮ ಇಲಾಖೆಗಳಲ್ಲಿ ಪ್ರಬಂಧದಲ್ಲಿ ‘ನಾನು’ ಅಂದರೆ ಹಿರಿಯರಿಗೆ ಮುಖ ಸಿಂಡರಿಸುತ್ತದೆ. ಅದಕ್ಕೆ ‘ಒಪ್ಪಬಹುದು’, ‘ಎಂದು ತೋರುತ್ತದೆ’, ‘ಎನ್ನಲಾಗಿದೆ’ ಇವುಗಳ ಹಿಂದೆ ಎಲ್ಲರೂ ಅಡಗುತ್ತಾರೆ. ಯಾರು ಎನ್ನುತ್ತಿದ್ದಾರೆ ಅನ್ನುವುದು ಕೊನೆಗೂ ಗೊತ್ತಾಗುವುದಿಲ್ಲ. ಆಕೆ ಮಧ್ಯದ ದಾರಿ ಹಿಡಿದಳು. ‘ನಾನು’ ಎಲ್ಲೂ ಇಲ್ಲ, ಆದರೆ ‘ಬಿದ್ದುಹೋಗಿದೆ’ ಅಂತ ನೇರವಾಗಿ ಬರೆದಳು. ಗೈಡ್ ‘ಬಿದ್ದುಹೋಗಿದೆ’ ತೆಗೆದು ‘ಪ್ರಶ್ನಾರ್ಹವಾಗಿದೆ’ ಅಂತ ಮಾಡಿದರು. ಆಕೆ 2008ರ ಲೇಖನದ ಪ್ರಿಂಟ್ ತೆಗೆದುಕೊಂಡು ಹೋಗಿ ತೋರಿಸಿದಳು. ಪದ ವಾಪಸ್ ಬಂತು.

ಒಪ್ಪಿಸುವ ಮೊದಲು ಇನ್ನೊಂದು ಸುತ್ತು ಬೇಕಾಯಿತು. ಎಲ್ಲ ಪ್ಯಾರಾಗಳೂ ಒಂದೇ ಥರ ಶುರುವಾಗುತ್ತಿದ್ದವು. ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನಷ್ಟೇ ಒಂದರ ಕೆಳಗೆ ಒಂದು ಬರೆದುಕೊಂಡು ಜೋರಾಗಿ ಓದಿಸಿದೆ. ಓದುತ್ತಾ ಓದುತ್ತಾ ಅವಳಿಗೇ ನಗು ಬಂತು. ‘ಇದಕ್ಕೆ ವ್ಯತಿರಿಕ್ತವಾಗಿ’ ಒಂದು ಕಡೆ ಬಿಟ್ಟು ಉಳಿದಲ್ಲೆಲ್ಲ ಹೋಯಿತು. ಹೋದಲ್ಲಿ ಅರ್ಥಕ್ಕೇನೂ ಕೊರತೆ ಆಗಲಿಲ್ಲ.

ಪ್ರಬಂಧ ಪಾಸಾಯಿತು. ವೈವಾದಲ್ಲಿ ಹೊರಗಿನ ಪರೀಕ್ಷಕರು ಕೇಳಿದ್ದು ಓಸ್ಟರ್ ಬಗ್ಗೆಯೇ. ‘ಹೆಪಟೈಟಿಸ್ ವಾದವನ್ನು ನೀವು ಒಪ್ಪುತ್ತೀರಾ?’ 2005ರ ಲೇಖನದ ನಂತರದ ಕಥೆ ಅವರಿಗೆ ಗೊತ್ತಿತ್ತೋ ಇಲ್ಲವೋ, ಹುಡುಗಿಯಂತೂ ಮೊದಲ ಹೆರಿಗೆಯಿಂದ ಶುರು ಮಾಡಿ 67,000ದವರೆಗೆ ಹೇಳಿ ಬಂದಳು.

ಆ ಹಾಳೆಯನ್ನು ಈಗಲೂ ಕೊಡುತ್ತೇನೆ, ಆದರೆ ಅದರಲ್ಲಿ ‘ಭಾಗಶಃ ಒಪ್ಪಬಹುದು’ ಎಂಬ ಸಾಲು ಇಲ್ಲ. ಬೇಕೇ ಬೇಕು ಅಂದವರು ಯಾವ ಭಾಗ, ಯಾವ ಪುಟ ಅಂತ ಬರೆದುಕೊಂಡು ಬಂದರೆ ಪೆನ್ನಿನಲ್ಲಿ ಸೇರಿಸಿ ಕೊಡುತ್ತೇನೆ.